ಬೇಸಿಗೆ ಶಿಬಿರದಲ್ಲಿ ಮಕ್ಕಳಿಗೆ ಪ್ರಕೃತಿಯ ನಂಟು: ಸಾವಧಾನವಾಗಿ ನೋಡುವುದನ್ನು ರೂಢಿಸುವ ಬಗೆ

ಬೇಸಿಗೆ ಶಿಬಿರಗಳ ವೇಳಾಪಟ್ಟಿಯನ್ನು ಕೈಗೆತ್ತಿಕೊಂಡು ನೋಡಿದರೆ ಬೆಳಗಿನ ವ್ಯಾಯಾಮದಿಂದ ಹಿಡಿದು ರಾತ್ರಿಯ ಹಾಡುಗಳವರೆಗೆ ಒಂದರ ಬೆನ್ನಿಗೊಂದು ಚಟುವಟಿಕೆ ತುಂಬಿಕೊಂಡಿರುತ್ತದೆ. ಮಕ್ಕಳನ್ನು ದೂರದ ಊರುಗಳಿಂದ ಕಾಡಿನಂಚಿಗೆ ಕರೆತಂದು, ಆ ಕಾಡಿನ ಕಡೆ ತಲೆಯೆತ್ತಿ ನೋಡುವುದಕ್ಕೂ ಪುರುಸೊತ್ತು ಕೊಡದೆ ವಾಪಸು ಕಳುಹಿಸುವ ಶಿಬಿರಗಳನ್ನು ನಾನು ಹಲವು ಕಂಡಿದ್ದೇನೆ. ಮೊದಲ ಕೆಲವು ವರ್ಷ ಅಂಥ ಶಿಬಿರಗಳನ್ನೇ ನಡೆಸಿದ್ದೇನೆ ಕೂಡ. ಶಿಬಿರ ನಡೆಸುವವರಿಗೆ, ಅಲ್ಲಿ ದಿನವಿಡೀ ಮಕ್ಕಳ ಜೊತೆಗಿರುವ ಸ್ವಯಂಸೇವಕರಿಗೆ ಮತ್ತು ಮಗುವನ್ನು ಶಿಬಿರಕ್ಕೆ ಕಳುಹಿಸಲು ಯೋಚಿಸುತ್ತಿರುವ ತಂದೆತಾಯಿಗಳಿಗೆ ನಾನು ಹೇಳಬೇಕೆಂದಿರುವ ಮಾತು ಒಂದೇ. ಶಿಬಿರದ ಪ್ರತಿದಿನವೂ ಮಗು ಒಂದೇ ಜಾಗಕ್ಕೆ ಹೋಗಿ, ಯಾರ ಅಡ್ಡಿಯೂ ಇಲ್ಲದೆ ಸ್ವಲ್ಪ ಹೊತ್ತು ಕುಳಿತು ನೋಡುವಂತಾದರೆ ಉಳಿದ ಕಲಿಕೆಯೆಲ್ಲ ಅದರ ಮೇಲೆ ತಾನಾಗಿ ನಿಲ್ಲುತ್ತದೆ. ಮುಂದೆ ವಿವರಿಸಿರುವ ಹಂತಗಳೆಲ್ಲವೂ ಆ ಸ್ವಲ್ಪ ಹೊತ್ತನ್ನು ಉಳಿಸಿಕೊಳ್ಳುವುದಕ್ಕಾಗಿಯೇ ಇವೆ.

ಇದಕ್ಕೆ ಕನ್ನಡದಲ್ಲಿ ‘ಸಾವಧಾನ’ ಎಂಬ ಒಳ್ಳೆಯ ಮಾತಿದೆ. ಗಮನವಿಟ್ಟು ಎಂಬ ಅರ್ಥವನ್ನೂ ನಿಧಾನವಾಗಿ ಎಂಬ ಅರ್ಥವನ್ನೂ ಅದು ಒಟ್ಟಿಗೆ ಹೊತ್ತಿರುವುದರಿಂದ ಮಕ್ಕಳಿಗೆ ಬೇರೆ ವಿವರಣೆಯೇ ಬೇಕಾಗುವುದಿಲ್ಲ. ಧ್ಯಾನ ಎಂದರೆ ಕಣ್ಣು ಮುಚ್ಚಿ ಬೆನ್ನು ನೆಟ್ಟಗೆ ಮಾಡಿ ಕೂರಬೇಕೆಂದು ಅವರು ಭಾವಿಸುತ್ತಾರೆ, ಸಾವಧಾನವಾಗಿ ನೋಡು ಎಂದರೆ ಕಣ್ಣರಳಿಸಿ ಬಗ್ಗುತ್ತಾರೆ. ನಮಗೆ ಬೇಕಾಗಿರುವುದು ಆ ಎರಡನೆಯದು.

ಹೀಗೆ ನೋಡುವುದರಿಂದ ಆಗುವುದೇನು ಎಂಬುದಕ್ಕೆ ಮನೋವಿಜ್ಞಾನದಲ್ಲಿ ತಕ್ಕಮಟ್ಟಿನ ಉತ್ತರವಿದೆ. ಪಾಠ, ಲೆಕ್ಕ, ಪರದೆಯ ಮೇಲಿನ ಆಟ ಇವೆಲ್ಲ ಬೇಡುವ ಗಮನವನ್ನು ನಾವು ಪ್ರಯತ್ನಪಟ್ಟು ಹಿಡಿದಿಟ್ಟುಕೊಳ್ಳಬೇಕಾಗುತ್ತದೆ, ಆದ್ದರಿಂದ ಅದು ದಣಿಯುತ್ತದೆ. ಹರಿಯುವ ನೀರು, ಅಲುಗುವ ಎಲೆ, ತೇಲುವ ಮೋಡಗಳು ಪ್ರಯಾಸವಿಲ್ಲದೆ ಗಮನ ಸೆಳೆಯುವುದರಿಂದ ಆ ದಣಿವು ಆರಲು ಅವಕಾಶವಾಗುತ್ತದೆ ಎಂದು ರೇಚಲ್ ಕಪ್ಲಾನ್ ಮತ್ತು ಸ್ಟೀಫನ್ ಕಪ್ಲಾನ್ ದಂಪತಿ 1980ರ ದಶಕದಲ್ಲಿ ಪ್ರತಿಪಾದಿಸಿದರು. ಈ ವಿಚಾರವನ್ನು ಮಕ್ಕಳಲ್ಲಿ ಪರೀಕ್ಷಿಸಿದ ಆಂಡ್ರಿಯಾ ಫೇಬರ್ ಟೇಲರ್ ಮತ್ತು ಫ್ರಾನ್ಸಿಸ್ ಕುವೊ, ಗಮನ ನಿಲ್ಲಿಸಲು ಕಷ್ಟಪಡುವ ಎಡಿಎಚ್‌ಡಿ ಇರುವ 7ರಿಂದ 12 ವರ್ಷದ ಮಕ್ಕಳನ್ನು ತಲಾ 20 ನಿಮಿಷ ಉದ್ಯಾನದಲ್ಲಿ, ಪೇಟೆಯಲ್ಲಿ ಮತ್ತು ಮನೆಗಳ ಬಡಾವಣೆಯಲ್ಲಿ ನಡೆಸಿ ನೋಡಿದರು. ಉದ್ಯಾನದ ನಡಿಗೆಯ ನಂತರ ಮಕ್ಕಳ ಏಕಾಗ್ರತೆ ಉಳಿದೆರಡರ ನಂತರ ಇದ್ದುದಕ್ಕಿಂತ ಚೆನ್ನಾಗಿತ್ತು ಎಂದು 2009ರಲ್ಲಿ ಪ್ರಕಟಿಸಿದರು. ಶಿಬಿರಕ್ಕೇ ಸಂಬಂಧಿಸಿದ ಇನ್ನೊಂದು ಅಧ್ಯಯನ 2014ರದು. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಆರನೆಯ ತರಗತಿಯ ಮಕ್ಕಳನ್ನು ಗಮನಿಸಿದಾಗ, ಯಾವ ಪರದೆಯೂ ಇಲ್ಲದ ಹೊರಾಂಗಣ ಶಿಬಿರದಲ್ಲಿ ಐದು ದಿನ ಕಳೆದ ಮಕ್ಕಳು, ಎಂದಿನಂತೆ ಶಾಲೆಯಲ್ಲೇ ಉಳಿದವರಿಗಿಂತ ಇತರರ ಮುಖದ ಭಾವಗಳನ್ನು ಗುರುತಿಸುವುದರಲ್ಲಿ ಹೆಚ್ಚು ಸುಧಾರಿಸಿದ್ದರು. ಅದು ಪ್ರಕೃತಿಯ ಫಲವೋ, ಪರದೆ ಇಲ್ಲದಿದ್ದುದರ ಫಲವೋ, ಜೊತೆಗಾರರೊಂದಿಗೆ ಮುಖಾಮುಖಿ ಕಳೆದ ಸಮಯದ ಫಲವೋ ಎಂದು ಬಿಡಿಸಿ ಹೇಳಲಾಗದು. ಶಿಬಿರದಲ್ಲಿ ಮೂರೂ ಒಟ್ಟಿಗೇ ದೊರೆಯುತ್ತವೆ ಎಂಬುದು ನಮ್ಮ ಭಾಗ್ಯ.

ಶಿಬಿರಕ್ಕೂ ಮುನ್ನ

ಮೊದಲ ಹಂತದಲ್ಲಿ ಮಕ್ಕಳು ಇರುವುದೇ ಇಲ್ಲ. ಶಿಬಿರ ಶುರುವಾಗುವ ಮೊದಲು ಕನಿಷ್ಠ ಎರಡು ಬಾರಿ, ಒಮ್ಮೆ ಬೆಳಗಿನ ಹೊತ್ತು, ಇನ್ನೊಮ್ಮೆ ಮುಸ್ಸಂಜೆಯ ಹೊತ್ತು, ಆ ಜಾಗದಲ್ಲಿ ನೀವೇ ನಡೆದಾಡಬೇಕು. ಒಣಗಿ ಮುರಿಯಲು ಸಿದ್ಧವಾಗಿರುವ ಕೊಂಬೆಗಳು ಯಾವ ಮರದಲ್ಲಿವೆ, ಜೇನು ಅಥವಾ ಕಣಜದ ಗೂಡು ಎಲ್ಲಿದೆ, ಹಾವು ಅವಿತುಕೊಳ್ಳಬಹುದಾದ ಕಲ್ಲಿನ ರಾಶಿ ಎಲ್ಲಿದೆ, ಮುಟ್ಟಿದರೆ ತುರಿಕೆ ತರುವ ಗಿಡಗಳು ಯಾವುವು, ನೀರಿದ್ದರೆ ಅದರ ಆಳವೆಷ್ಟು ಎಂಬುದನ್ನೆಲ್ಲ ಗುರುತು ಹಾಕಿಕೊಳ್ಳಿ. ಮಕ್ಕಳ ಅಲರ್ಜಿ, ಅಸ್ತಮಾ, ಅವರು ತೆಗೆದುಕೊಳ್ಳುವ ಔಷಧಿ ಇವುಗಳ ವಿವರ ಬರಹದಲ್ಲಿರಬೇಕು, ಮತ್ತು ಅದು ಕಚೇರಿಯ ಕಡತದಲ್ಲಿ ಉಳಿಯದೆ ಮಕ್ಕಳ ಜೊತೆ ಹೊರಗೆ ಹೋಗುವವರ ಕೈಯಲ್ಲೇ ಇರಬೇಕು.

ಎಷ್ಟು ಮಕ್ಕಳಿಗೆ ಎಷ್ಟು ಮಂದಿ ಹಿರಿಯರಿರಬೇಕು ಎಂಬ ಪ್ರಶ್ನೆಗೆ ಅಮೆರಿಕನ್ ಕ್ಯಾಂಪ್ ಅಸೋಸಿಯೇಷನ್ ಹಾಕಿಕೊಟ್ಟಿರುವ ಅಳತೆ ಉಪಯುಕ್ತವಾಗಿದೆ. ರಾತ್ರಿ ತಂಗುವ ಶಿಬಿರವಾದರೆ 6ರಿಂದ 8 ವರ್ಷದ ಆರು ಮಕ್ಕಳಿಗೆ ಒಬ್ಬರು, 9ರಿಂದ 14 ವರ್ಷದ ಎಂಟು ಮಕ್ಕಳಿಗೆ ಒಬ್ಬರು ಬೇಕು. ಸಂಜೆ ಮನೆಗೆ ಮರಳುವ ಶಿಬಿರವಾದರೆ ಇದೇ ಲೆಕ್ಕ ಎಂಟು ಮತ್ತು ಹತ್ತು ಮಕ್ಕಳಿಗೆ ಏರುತ್ತದೆ. ಇದು ಸುರಕ್ಷತೆಯ ಲೆಕ್ಕವಾದರೂ ಸಾವಧಾನಕ್ಕೂ ಇದೇ ಬೇಕು, ಏಕೆಂದರೆ ಇಪ್ಪತ್ತು ಮಕ್ಕಳನ್ನು ಒಬ್ಬರೇ ನೋಡಿಕೊಳ್ಳುವಾಗ ಆ ಹಿರಿಯರ ಬಾಯಿಂದ ಎಚ್ಚರಿಕೆ ಮತ್ತು ಗದರಿಕೆಗಳ ಹೊರತು ಬೇರೇನೂ ಬರಲು ಸಾಧ್ಯವಿಲ್ಲ.

ನಂತರ ವೇಳಾಪಟ್ಟಿಯನ್ನು ತೆಗೆದುಕೊಂಡು ಪ್ರತಿದಿನದಿಂದ ಒಂದು ಚಟುವಟಿಕೆಯನ್ನು ತೆಗೆದುಹಾಕಿ. ಹಾಗೆ ಖಾಲಿಯಾದ ಸಮಯಕ್ಕೆ ಬೇರೇನನ್ನೂ ತುಂಬಬಾರದು. ಪೋಷಕರು ಈ ಖಾಲಿ ಜಾಗವನ್ನು ನೋಡಿ ಪ್ರಶ್ನಿಸುತ್ತಾರೆ. ಅಲ್ಲಿ ಏನು ನಡೆಯುತ್ತದೆ, ಏಕೆ ನಡೆಯುತ್ತದೆ ಎಂಬುದನ್ನು ಮೊದಲೇ ಪತ್ರದಲ್ಲಿ ತಿಳಿಸಿಬಿಟ್ಟರೆ ಹೆಚ್ಚಿನವರು ಒಪ್ಪುತ್ತಾರೆ.

ಹಿರಿಯರ ತಯಾರಿ

ಸ್ವಯಂಸೇವಕರಿಗೆ ಕೊಡಬೇಕಾದ ತರಬೇತಿಯಲ್ಲಿ ಮರಗಿಡಗಳ ಹೆಸರು ಕಲಿಸುವುದಕ್ಕಿಂತ ಮಾತು ತಡೆದುಕೊಳ್ಳುವುದನ್ನು ಕಲಿಸುವುದೇ ದೊಡ್ಡ ಕೆಲಸ. ವಿಜ್ಞಾನ ಶಿಕ್ಷಣದ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳಲ್ಲಿ ನಡೆದ ಮಾತುಕತೆಯ ಧ್ವನಿಮುದ್ರಣಗಳನ್ನು ಪರಿಶೀಲಿಸಿದಾಗ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡ್ ಮಾತ್ರ ಕಾಯುತ್ತಿದ್ದುದು ಕಂಡುಬಂತು. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳು ಮಾತಾಡಿದರು, ಮಕ್ಕಳು ತಾವೇ ಪ್ರಶ್ನೆ ಕೇಳುವುದೂ ಹೆಚ್ಚಿತು. ಮೂರು ಸೆಕೆಂಡ್ ಎಂದರೆ ಕೇಳಲು ಅತ್ಯಲ್ಪ, ಆದರೆ ಅಭ್ಯಾಸವಿಲ್ಲದವರಿಗೆ ಅದು ಬಹಳ ದೀರ್ಘವಾಗಿ ತೋರುತ್ತದೆ. ಇಬ್ಬಿಬ್ಬರು ಸ್ವಯಂಸೇವಕರನ್ನು ಜೋಡಿ ಮಾಡಿ, ಒಬ್ಬರು ಮಗುವಿನ ಪಾತ್ರ ವಹಿಸಿ, ಇನ್ನೊಬ್ಬರು ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಮೂರರವರೆಗೆ ಎಣಿಸುವುದನ್ನು ಅರ್ಧ ಗಂಟೆ ಅಭ್ಯಾಸ ಮಾಡಿಸಿ. ಈ ಅರ್ಧ ಗಂಟೆಯನ್ನು ಯಾವ ಕಾರಣಕ್ಕೂ ಬಿಡಬೇಡಿ.

ಮಗು ಒಂದು ಹುಳುವನ್ನು ತೋರಿಸಿ ‘ಇದೇನು?’ ಎಂದು ಕೇಳಿದಾಗ ಹೆಸರು ಗೊತ್ತಿದ್ದರೆ ಥಟ್ಟನೆ ಹೇಳಿಬಿಡುವ ಆಸೆ ಎಲ್ಲರಿಗೂ ಆಗುತ್ತದೆ. ಹೆಸರು ಸಿಕ್ಕ ಕೂಡಲೇ ಬಹಳಷ್ಟು ಮಕ್ಕಳು ನೋಡುವುದನ್ನು ನಿಲ್ಲಿಸಿ ಮುಂದಿನದರ ಕಡೆ ಓಡುತ್ತಾರೆ. ‘ಎಷ್ಟು ಕಾಲಿವೆ? ಮೀಸೆ ಯಾವ ಕಡೆ ಆಡುತ್ತಿದೆ? ಎಲ್ಲಿಗೆ ಹೋಗುತ್ತಿರಬಹುದು?’ ಎಂದು ಕೇಳಿ, ಮಗು ನೋಡಿ ಮುಗಿಸಿದ ಮೇಲೆ ಹೆಸರು ಹೇಳಬಹುದು. ಹೆಸರು ಬೇಡವೇ ಬೇಡ ಎನ್ನುವವರ ಪಂಥಕ್ಕೆ ನಾನು ಸೇರಿದವನಲ್ಲ. ಎರಡು ದಿನ ನೋಡಿದ ಹಕ್ಕಿಗೆ ಮೂರನೆಯ ದಿನ ಹೆಸರು ಸಿಕ್ಕಾಗ ಮಗುವಿನ ಮುಖ ಅರಳುವುದನ್ನು ಕಂಡವರು ಹಾಗೆ ಹೇಳಲಾರರು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಹೇಳಿ, ಮಗುವಿನ ಪಕ್ಕದಲ್ಲಿ ಬಗ್ಗಿ ಕುಳಿತು ಜೊತೆಗೇ ನೋಡಿ.

ಮೊಬೈಲ್ ಫೋನಿನ ವಿಷಯದಲ್ಲಿ ಹಿರಿಯರಿಗೆ ಬೇರೆ ನಿಯಮ ಇರಕೂಡದು. ತುರ್ತು ಸಂಪರ್ಕಕ್ಕೆಂದು ಪ್ರತಿ ಗುಂಪಿನಲ್ಲಿ ಒಬ್ಬರ ಬಳಿ ಫೋನ್ ಇದ್ದರೆ ಸಾಕು, ಮತ್ತು ಅದು ಚೀಲದಲ್ಲಿರಲಿ. ಮಗು ಮೈಮರೆತು ನೋಡುತ್ತಿರುವಾಗ ಫೋಟೋ ತೆಗೆಯಲು ಹೋದರೆ ಆ ಮೈಮರೆವು ಅಲ್ಲಿಗೇ ಮುಗಿಯುತ್ತದೆ.

ಮೊದಲ ದಿನ

ಮೊದಲ ದಿನ ಮಕ್ಕಳಿಂದ ಹೆಚ್ಚೇನನ್ನೂ ನಿರೀಕ್ಷಿಸಬೇಡಿ. ಮನೆಯ ನೆನಪು, ಹೊಸ ಮುಖಗಳು, ಮಣ್ಣು ಮೆತ್ತಿದರೆ ಏನಾದೀತೋ ಎಂಬ ಅಳುಕು, ಹುಳುಗಳ ಭಯ ಇವೆಲ್ಲ ಒಟ್ಟಿಗೆ ಬಂದಿರುತ್ತವೆ. ಭಯವನ್ನು ಅಲ್ಲಗಳೆಯುವುದು ತಪ್ಪು. ‘ಇದಕ್ಕೆಲ್ಲ ಹೆದರುತ್ತಾರಾ?’ ಎಂಬ ಒಂದು ಮಾತು ಸಾಕು, ಮಗು ಶಿಬಿರ ಮುಗಿಯುವವರೆಗೆ ತನ್ನ ಭಯವನ್ನು ಬಚ್ಚಿಟ್ಟುಕೊಂಡು ನಿಮ್ಮಿಂದ ದೂರವೇ ಉಳಿಯುತ್ತದೆ. ಹುಳುವಿಗೆ ಹೆದರುವ ಮಗು ಎಷ್ಟು ದೂರದಿಂದ ನೋಡಲು ಒಪ್ಪುತ್ತದೋ ಅಷ್ಟು ದೂರದಿಂದಲೇ ನೋಡಲಿ. ನಾಳೆ ಒಂದು ಗೇಣು ಹತ್ತಿರ ಬಂದೀತು, ಬರದಿದ್ದರೂ ತೊಂದರೆಯಿಲ್ಲ.

ಆ ದಿನ ಜಾಗವನ್ನೆಲ್ಲ ಒಮ್ಮೆ ಸುತ್ತಿಸಿ, ಗಡಿಗಳನ್ನು ಬಣ್ಣದ ದಾರ ಕಟ್ಟಿ ತೋರಿಸಿ, ಒಂದು ಸೀಟಿಗೆ ಏನರ್ಥ, ಮೂರು ಸೀಟಿಗೆ ಏನರ್ಥ ಎಂಬುದನ್ನು ಆಡಿಸಿ ಕಲಿಸಿ. ಗುಡುಗಿನ ನಿಯಮವನ್ನೂ ಅಂದೇ ಹೇಳಿಬಿಡಬೇಕು. ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿಸಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ ಎಂದರ್ಥ, ಏಕೆಂದರೆ ಶಬ್ದ ಒಂದು ಕಿಲೋಮೀಟರ್ ಸಾಗಲು ಸುಮಾರು ಮೂರು ಸೆಕೆಂಡ್ ತೆಗೆದುಕೊಳ್ಳುತ್ತದೆ. ಆಗ ಎಲ್ಲರೂ ಗಟ್ಟಿಯಾದ ಕಟ್ಟಡದೊಳಗೆ ಹೋಗಬೇಕು, ಮರದ ಕೆಳಗೆ ನಿಲ್ಲಬಾರದು, ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಗೆ ಬರಬಾರದು. ಮಕ್ಕಳು ಈ ಎಣಿಕೆಯನ್ನು ಬಹಳ ಇಷ್ಟಪಟ್ಟು ಮಾಡುತ್ತಾರೆ, ಮತ್ತು ಆಕಾಶವನ್ನು ಗಮನವಿಟ್ಟು ನೋಡುವುದಕ್ಕೆ ಅದೇ ಮೊದಲ ಪಾಠವೂ ಆಗುತ್ತದೆ.

‘ನನ್ನ ಜಾಗ’

ಎರಡನೆಯ ದಿನ ಬೆಳಿಗ್ಗೆ ಪ್ರತಿ ಮಗುವೂ ತನಗೊಂದು ಜಾಗವನ್ನು ಆರಿಸಿಕೊಳ್ಳಲಿ. ಒಂದು ಮರದ ಬುಡವಾಗಬಹುದು, ಬಂಡೆಯ ನೆರಳಾಗಬಹುದು, ಹುಲ್ಲಿನ ಒಂದು ತುಂಡಾಗಬಹುದು. ಎರಡು ಮಕ್ಕಳ ನಡುವೆ ಪಿಸುಮಾತು ತಲುಪದಷ್ಟು ಅಂತರವಿರಬೇಕು, ಆದರೆ ಪ್ರತಿ ಮಗುವೂ ಯಾರಾದರೊಬ್ಬ ಹಿರಿಯರ ಕಣ್ಣಳತೆಯಲ್ಲಿರಬೇಕು. ಜಾಗ ಆರಿಸುವ ಹಕ್ಕು ಸಂಪೂರ್ಣವಾಗಿ ಮಗುವಿನದು. ಅಪಾಯವಿದ್ದರೆ ಮಾತ್ರ ನೀವು ಬೇಡವೆನ್ನಬಹುದು. ಅಲ್ಲಿಂದ ಮುಂದೆ ಪ್ರತಿದಿನವೂ, ಸಾಧ್ಯವಾದಷ್ಟು ಅದೇ ಹೊತ್ತಿಗೆ, ಅದೇ ಜಾಗ.

ಎಷ್ಟು ಹೊತ್ತು ಎಂಬುದು ವಯಸ್ಸಿಗೆ ತಕ್ಕಂತೆ ಬದಲಾಗುತ್ತದೆ. ಆರೇಳು ವರ್ಷದವರಿಗೆ ಮೂರರಿಂದ ಐದು ನಿಮಿಷ ಸಾಕು, ಒಂಬತ್ತು ಹತ್ತರವರಿಗೆ ಹತ್ತು ನಿಮಿಷ, ಹನ್ನೆರಡು ದಾಟಿದವರು ಮೂರನೆಯ ದಿನದ ಹೊತ್ತಿಗೆ ಇಪ್ಪತ್ತು ನಿಮಿಷ ಕೂರಬಲ್ಲರು ಎಂಬುದು ನನ್ನ ಅನುಭವ. ಕೂರುವುದು ಎಂದರೆ ಅಲುಗಾಡದಿರುವುದು ಎಂದಲ್ಲ. ಮಲಗಿ ಮೇಲೆ ನೋಡಬಹುದು, ಬೋರಲಾಗಿ ಹುಲ್ಲಿನೊಳಗೆ ಇಣುಕಬಹುದು, ಕಡ್ಡಿಯಿಂದ ಮಣ್ಣು ಕೆದಕಬಹುದು. ಎದ್ದು ಬೇರೆಯವರ ಬಳಿ ಹೋಗುವುದು ಮತ್ತು ಮಾತಾಡುವುದು ಇವೆರಡಕ್ಕೆ ಮಾತ್ರ ಅವಕಾಶವಿಲ್ಲ. ಗಲಾಟೆ ಮಾಡಿದ ಮಗುವಿಗೆ ಶಿಕ್ಷೆಯಾಗಿ ‘ಹೋಗಿ ನಿನ್ನ ಜಾಗದಲ್ಲಿ ಕೂತುಕೋ’ ಎಂದು ಯಾರೂ ಯಾವತ್ತೂ ಹೇಳಕೂಡದು. ಒಮ್ಮೆ ಹಾಗೆ ಹೇಳಿಬಿಟ್ಟರೆ ಆ ಜಾಗ ಮತ್ತೆ ಮಗುವಿನದಾಗಿ ಉಳಿಯುವುದಿಲ್ಲ.

ಮೊದಲ ಒಂದೆರಡು ದಿನ ಇದು ಸೋತಂತೆಯೇ ಕಾಣುತ್ತದೆ. ಬೇಸರ, ಕಿಸಿಕಿಸಿ ನಗು, ‘ಇನ್ನೂ ಎಷ್ಟು ಹೊತ್ತು?’ ಎಂಬ ಪ್ರಶ್ನೆ. ಈ ಬೇಸರವನ್ನು ತುಂಬಿಸಲು ಧಾವಿಸದೆ ಕಾಯುವುದೇ ನಿಮ್ಮ ಕೆಲಸ. ಒಂಬತ್ತು ವರ್ಷದ ಒಬ್ಬ ಹುಡುಗನನ್ನು ಇಲ್ಲಿ ನೆನೆಯಬೇಕು. ಶೆಡ್ಡಿನ ಸೂರಿನ ಕೆಳಗಿನ ಒಣ ಮರಳನ್ನು ತನ್ನ ಜಾಗವೆಂದು ಆರಿಸಿಕೊಂಡಿದ್ದ ಅವನು ಮೂರು ದಿನ ಅಲ್ಲಿ ಕಡ್ಡಿಯಿಂದ ಗೆರೆ ಎಳೆಯುವುದು, ಅಳಿಸುವುದು ಬಿಟ್ಟರೆ ಬೇರೇನನ್ನೂ ಮಾಡಲಿಲ್ಲ. ಆ ಮರಳಿನ ತುಂಬ ಬೆರಳ ತುದಿಯಷ್ಟು ಅಗಲದ, ಆಲಿಕೆಯಂತೆ ಕೆಳಕ್ಕೆ ಕಿರಿದಾಗುತ್ತ ಹೋಗುವ ಗುಳಿಗಳಿದ್ದವು. ನಾಲ್ಕನೆಯ ದಿನ ಒಂದು ಇರುವೆ ಅಂಥ ಗುಳಿಯ ಅಂಚಿಗೆ ಬಂದು ಕಾಲು ಜಾರಿತು. ಅದು ಮೇಲೆ ಹತ್ತಲು ನೋಡಿದಾಗಲೆಲ್ಲ ಗುಳಿಯ ತಳದಿಂದ ಮರಳಿನ ಕಣಗಳು ಚಿಮ್ಮಿ ಅದರ ಮೇಲೆ ಬೀಳುತ್ತಿದ್ದವು, ಕಾಲಡಿಯ ಮರಳು ಕುಸಿದು ಇರುವೆ ಮತ್ತೆ ಕೆಳಗೆ ಜಾರುತ್ತಿತ್ತು. ನಾಲ್ಕನೆಯ ಬಾರಿಗೆ ತಳದಲ್ಲಿ ಎರಡು ಪುಟ್ಟ ಕೊಕ್ಕೆಗಳು ಕಾಣಿಸಿಕೊಂಡು ಇರುವೆಯನ್ನು ಹಿಡಿದವು. ಮರಳು ಒಮ್ಮೆ ಅಲುಗಿ ಸುಮ್ಮನಾಯಿತು. ಹುಡುಗ ಕಡ್ಡಿಯನ್ನು ಯಾವಾಗ ಕೆಳಗಿಟ್ಟನೋ ನನಗೆ ತಿಳಿಯಲಿಲ್ಲ. ಸೀಟಿ ಊದಿದ ಮೇಲೂ ಅವನು ಏಳಲಿಲ್ಲ. ಆ ಹುಳು ಮುಂದೆ ರೆಕ್ಕೆ ಬಲಿತು ಹಾರಿಹೋಗುವ ಮರಿ ಎಂಬುದನ್ನು ಅವನಿಗೆ ನಾನು ಮರುದಿನ ಹೇಳಿದೆ. ಅಷ್ಟರಲ್ಲಿ ಅವನು ಇಪ್ಪತ್ತಮೂರು ಗುಳಿಗಳನ್ನು ಎಣಿಸಿ, ಮಳೆ ಬೀಳುವ ಕಡೆ ಒಂದೂ ಇಲ್ಲವೆಂಬುದನ್ನು ತಾನೇ ಕಂಡುಕೊಂಡಿದ್ದ. ನಾವು ಎರಡನೆಯ ದಿನವೇ ಅವನ ಬೇಸರಕ್ಕೆ ಮರುಗಿ ಜಾಗ ಬದಲಿಸಿದ್ದರೆ ಇದಾವುದೂ ಆಗುತ್ತಿರಲಿಲ್ಲ.

ಎಲ್ಲ ಮಕ್ಕಳಿಗೂ ಒಂದೇ ರೀತಿ ಹೊಂದುವುದಿಲ್ಲ ಎಂಬುದನ್ನೂ ಮರೆಯಬಾರದು. ಒಬ್ಬರೇ ಕೂರಲು ಹೆದರುವ ಮಗುವಿನಿಂದ ಹತ್ತು ಹೆಜ್ಜೆ ದೂರದಲ್ಲಿ ಒಬ್ಬ ಹಿರಿಯರು ಬೆನ್ನು ತಿರುಗಿಸಿ ಕುಳಿತರೆ ಸಾಕಾಗುತ್ತದೆ. ಕೂರಲು ಆಗದೇ ಇರುವ ಮಗುವಿಗೆ ಕೂರುವ ಜಾಗದ ಬದಲು ನಿಧಾನವಾಗಿ ನಡೆಯುವ ಒಂದು ಚಿಕ್ಕ ದಾರಿಯನ್ನು ಕೊಡಿ, ಪ್ರತಿದಿನ ಅದೇ ದಾರಿ. ಗಾಲಿಕುರ್ಚಿ ಬಳಸುವ ಮಗುವಿದ್ದರೆ ಗಾಲಿ ಉರುಳುವಂಥ ಹಲವು ಜಾಗಗಳನ್ನು ಮೊದಲೇ ಹುಡುಕಿಟ್ಟು, ಆಯ್ಕೆ ಮಾಡುವ ಸಂತೋಷ ಆ ಮಗುವಿಗೂ ಸಿಗುವಂತೆ ನೋಡಿಕೊಳ್ಳಬೇಕು.

ದಿನಕ್ಕೊಂದು ಇಂದ್ರಿಯ

ತನ್ನ ಜಾಗದಲ್ಲಿ ಕೂರುವುದಕ್ಕೆ ಪೂರಕವಾಗಿ, ಬೇರೊಂದು ಹೊತ್ತಿನಲ್ಲಿ, ಗುಂಪಾಗಿ ಮಾಡುವ ಸಣ್ಣ ಅಭ್ಯಾಸಗಳಿವೆ. ದಿನಕ್ಕೆ ಒಂದೇ ಇಂದ್ರಿಯವನ್ನು ಹಿಡಿದುಕೊಳ್ಳುವುದು ಒಳ್ಳೆಯದು.

ಕಿವಿಯಿಂದ ಆರಂಭಿಸಿ. ಒಂದು ಹಾಳೆಯ ನಡುವೆ ಚುಕ್ಕೆ ಇಟ್ಟು ಅದನ್ನು ‘ನಾನು’ ಎಂದುಕೊಳ್ಳಲು ಹೇಳಿ. ಕಣ್ಣು ಮುಚ್ಚಿ ಕೇಳಿ, ಪ್ರತಿ ಶಬ್ದವನ್ನೂ ಅದು ಬಂದ ದಿಕ್ಕು ಮತ್ತು ದೂರಕ್ಕೆ ತಕ್ಕಂತೆ ಹಾಳೆಯ ಮೇಲೆ ಒಂದು ಗುರುತಿನಿಂದ ಮೂಡಿಸಬೇಕು. ಗಾಳಿಗೆ ಅಲೆಯಂಥ ಗೆರೆ, ಹಕ್ಕಿಗೆ ಚುಕ್ಕೆಗಳು, ದೂರದ ವಾಹನಕ್ಕೆ ಇನ್ನೇನೋ. ಎರಡೂ ಅಂಗೈಗಳನ್ನು ಬೊಗಸೆಯಂತೆ ಮಡಿಸಿ ಕಿವಿಯ ಹಿಂದೆ ಇಟ್ಟುಕೊಂಡರೆ ಮುಂದಿನ ಶಬ್ದ ಎಷ್ಟು ಸ್ಪಷ್ಟವಾಗುತ್ತದೆಂಬುದನ್ನು ತೋರಿಸಿ. ಸಂಜೆಯಾದರೆ ಜೀರುಂಡೆಗಳ ದನಿಯನ್ನು ಎಣಿಸಬಹುದು. ಅವುಗಳ ದನಿಯ ವೇಗ ಗಾಳಿಯ ಬಿಸಿಯೊಂದಿಗೆ ಏರುತ್ತದೆ ಎಂಬುದನ್ನು ಭೌತವಿಜ್ಞಾನಿ ಏಮಸ್ ಡಾಲ್ಬೇರ್ 1897ರಲ್ಲಿ ಸೂತ್ರದ ರೂಪದಲ್ಲಿ ಬರೆದಿಟ್ಟಿದ್ದಾರೆ. ಸೆಕೆಯ ರಾತ್ರಿಯ ಎಣಿಕೆಯನ್ನೂ ತಂಪು ರಾತ್ರಿಯ ಎಣಿಕೆಯನ್ನೂ ಮಕ್ಕಳು ತಾವೇ ಹೋಲಿಸಿ ನೋಡಲಿ.

ಮೂಗಿಗೆ ಒಂದು ಹಿಡಿ ಒಣ ಮಣ್ಣು ಮತ್ತು ಒಂದು ಚಮಚ ನೀರು ಸಾಕು. ಒಣ ಮಣ್ಣನ್ನು ಮೊದಲು ಮೂಸಿ ನೋಡಿ, ಬಳಿಕ ಅದರ ಮೇಲೆ ನೀರು ಚಿಮುಕಿಸಿ ಮತ್ತೆ ಮೂಸಲಿ. ಮೊದಲ ಮಳೆಯ ಆ ಪರಿಮಳಕ್ಕೆ ಆಸ್ಟ್ರೇಲಿಯಾದ ವಿಜ್ಞಾನಿಗಳಾದ ಇಸಾಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ 1964ರಲ್ಲಿ ‘ಪೆಟ್ರಿಕೋರ್’ ಎಂದು ಹೆಸರಿಟ್ಟರು. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ತಯಾರಿಸುವ ಜಿಯೋಸ್ಮಿನ್ ಎಂಬ ವಸ್ತುವಿಗೂ ಅದರಲ್ಲಿ ಪಾಲಿದೆ. ಮಣ್ಣಿನೊಳಗೆ ಜೀವವಿದೆ ಎಂದು ಬಾಯಲ್ಲಿ ಹೇಳುವುದಕ್ಕಿಂತ ಮೂಗಿಗೆ ಹಿಡಿಸುವುದು ಮೇಲು.

ಕಣ್ಣಿಗೆ ಒಂದು ಮೀಟರ್ ದಾರವನ್ನು ಕೊಟ್ಟು ನೆಲದ ಮೇಲೆ ಉಂಗುರವಾಗಿ ಹಾಕಲು ಹೇಳಿ. ಆ ಉಂಗುರದೊಳಗೆ ಇರುವುದೇ ಇಂದಿನ ಪ್ರಪಂಚ. ಭೂತಗನ್ನಡಿ ಇದ್ದರೆ ಅದನ್ನು ಹಿಡಿಯುವ ಸರಿಯಾದ ಬಗೆಯನ್ನು ಕಲಿಸಬೇಕು, ಬಹುತೇಕ ಹಿರಿಯರಿಗೂ ಅದು ತಿಳಿದಿರುವುದಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಚಿಕ್ಕ ಮಸೂರವನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು, ನೋಡಬೇಕಾದ ಎಲೆಯನ್ನು ಮಸೂರದ ಮುಂದೆ ಸುಮಾರು ಎರಡೂವರೆ ಸೆಂಟಿಮೀಟರ್ ದೂರಕ್ಕೆ ಮೆಲ್ಲನೆ ತರಬೇಕು. ಎಲೆಯ ಬೆನ್ನಿನ ರೋಮಗಳು ಒಮ್ಮೆಲೇ ಸ್ಪಷ್ಟವಾದಾಗ ಮಕ್ಕಳ ಬಾಯಿಂದ ಹೊರಡುವ ಉದ್ಗಾರಕ್ಕೆ ಬೇರೆ ಸಾಟಿಯಿಲ್ಲ. ಮಸೂರದಿಂದ ಸೂರ್ಯನನ್ನು ನೋಡಬಾರದು, ಒಣ ಎಲೆಗಳ ಮೇಲೆ ಬಿಸಿಲನ್ನು ಕೇಂದ್ರೀಕರಿಸಬಾರದು ಎಂಬ ಎಚ್ಚರಿಕೆ ಮೊದಲೇ ಇರಲಿ.

ಕಾಲಿಗೆ ಬರಿಗಾಲಿನ ನಡಿಗೆ. ಮುಳ್ಳು, ಗಾಜು ಇಲ್ಲವೆಂದು ನೀವೇ ಪರೀಕ್ಷಿಸಿದ ಇಪ್ಪತ್ತು ಹೆಜ್ಜೆಯ ದಾರಿಯಲ್ಲಿ ಹುಲ್ಲು, ಒದ್ದೆ ಮಣ್ಣು, ಮರಳುಗಳ ಮೇಲೆ ಒಂದೊಂದೇ ಹೆಜ್ಜೆ ಇಡಲಿ.

ಬರೆಯುವುದು ಮತ್ತು ಹೇಳುವುದು

ಪ್ರತಿ ಮಗುವಿಗೂ ಗೆರೆಯಿಲ್ಲದ ಒಂದು ಪುಸ್ತಕ ಮತ್ತು ಒಂದು ಪೆನ್ಸಿಲ್ ಕೊಡಿ. ತನ್ನ ಜಾಗದಿಂದ ಎದ್ದ ಕೂಡಲೇ ಐದು ನಿಮಿಷ ಚಿತ್ರ ಬಿಡಿಸಲಿ ಅಥವಾ ಬರೆಯಲಿ. ಪುಟದ ಒಂದು ಕಡೆ ಕಂಡದ್ದು, ಇನ್ನೊಂದು ಕಡೆ ಕೇಳಬೇಕೆನಿಸಿದ್ದು. ಚಿತ್ರ ಚೆನ್ನಾಗಿದೆ ಎಂದು ಹೊಗಳುವುದರಿಂದ ಮಗು ಚೆಂದದ ಕಡೆ ವಾಲುತ್ತದೆ, ಕಂಡದ್ದನ್ನು ಬಿಡುತ್ತದೆ. ಅದರ ಬದಲು ‘ಈ ಕಾಲು ಇಲ್ಲಿ ಬಾಗಿದೆಯಲ್ಲ, ಹೀಗೇ ಇತ್ತಾ?’ ಎಂದು ಕೇಳಿದರೆ ಅದು ಮತ್ತೆ ನೋಡಲು ಓಡುತ್ತದೆ. ಕಾಗುಣಿತ ತಿದ್ದಬೇಡಿ. ಪುಸ್ತಕವನ್ನು ತೋರಿಸಲು ಇಷ್ಟವಿಲ್ಲದ ಮಗುವನ್ನು ಒತ್ತಾಯಿಸಬೇಡಿ.

ಸಂಜೆ ಎಲ್ಲರೂ ವೃತ್ತವಾಗಿ ಕುಳಿತು ಆ ದಿನ ಕಂಡದ್ದನ್ನು ಹೇಳುವ ಹದಿನೈದು ನಿಮಿಷ ಇರಲಿ. ಒಂದು ಕಲ್ಲನ್ನೋ ಕಾಯಿಯನ್ನೋ ಕೈಯಿಂದ ಕೈಗೆ ದಾಟಿಸುತ್ತ, ಅದು ಯಾರ ಕೈಯಲ್ಲಿದೆಯೋ ಅವರು ಮಾತ್ರ ಮಾತಾಡಬೇಕು, ಬೇಡವೆನಿಸಿದವರು ಮುಂದಕ್ಕೆ ದಾಟಿಸಬಹುದು. ಮೂರು ದಿನ ಸುಮ್ಮನೆ ದಾಟಿಸಿದ ಮಗು ನಾಲ್ಕನೆಯ ದಿನ ಕಲ್ಲನ್ನು ಹಿಡಿದುಕೊಂಡೇ ಉಳಿದಾಗ ಯಾರೂ ಆಶ್ಚರ್ಯ ತೋರಿಸದಿರುವುದು ಮುಖ್ಯ. ಒಬ್ಬರು ಹೇಳಿದ್ದನ್ನು ಕೇಳಿ ಇನ್ನೊಬ್ಬರು ಮರುದಿನ ಅದೇ ಜೇಡವನ್ನು ನೋಡಲು ಹೋಗುವುದು ಈ ವೃತ್ತದ ನಿಜವಾದ ಫಲ. ಗೆಳೆತನಗಳು ಬಹಳಷ್ಟು ಹೀಗೆಯೇ ಹುಟ್ಟುತ್ತವೆ.

ಕತ್ತಲಲ್ಲಿ

ರಾತ್ರಿ ತಂಗುವ ಶಿಬಿರವಾದರೆ ಒಂದು ರಾತ್ರಿಯನ್ನಾದರೂ ಕತ್ತಲಿಗಾಗಿ ಮೀಸಲಿಡಿ. ಬಯಲಿನಲ್ಲಿ ಚಾಪೆ ಹಾಸಿ, ಮಕ್ಕಳನ್ನು ಒತ್ತೊತ್ತಾಗಿ ಕೂರಿಸಿ, ಟಾರ್ಚ್‌ಗಳನ್ನೆಲ್ಲ ಆರಿಸಬೇಕು. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು, ಒಂದೇ ಒಂದು ಬಿಳಿ ಬೆಳಕು ಹೊತ್ತಿದರೂ ಮತ್ತೆ ಮೊದಲಿನಿಂದ ಕಾಯಬೇಕಾಗುತ್ತದೆ. ದಾರಿಗೆ ಬೆಳಕು ಬೇಕಾದಲ್ಲಿ ಟಾರ್ಚ್‌ಗೆ ಕೆಂಪು ಹಾಳೆ ಕಟ್ಟಿಕೊಳ್ಳಿ. ಕಾಯುವ ಹೊತ್ತಿನಲ್ಲಿ ಕಥೆ ಹೇಳಬಹುದು, ಆದರೆ ದೆವ್ವದ ಕಥೆ ಖಂಡಿತ ಬೇಡ. ಮಸುಕಾದ ಒಂದು ನಕ್ಷತ್ರವನ್ನು ನೇರವಾಗಿ ನೋಡಿದರೆ ಅದು ಮಾಯವಾಗಿ, ದೃಷ್ಟಿಯನ್ನು ತುಸು ಪಕ್ಕಕ್ಕೆ ಸರಿಸಿದರೆ ಮತ್ತೆ ಕಾಣಿಸಿಕೊಳ್ಳುತ್ತದೆ. ಮಂದ ಬೆಳಕನ್ನು ಗ್ರಹಿಸುವ ಕೋಶಗಳು ಕಣ್ಣಿನ ಪರದೆಯ ನಟ್ಟನಡುವೆ ಇಲ್ಲದೆ ಅದರ ಸುತ್ತ ದಟ್ಟವಾಗಿರುವುದೇ ಇದಕ್ಕೆ ಕಾರಣ. ತಮ್ಮದೇ ಕಣ್ಣಿನ ಈ ಗುಟ್ಟನ್ನು ಕಂಡ ಮಕ್ಕಳಿಗೆ ಕತ್ತಲೆಯ ಭಯ ಅರ್ಧ ಇಳಿದಿರುತ್ತದೆ.

ಮುಟ್ಟುವುದು, ಎತ್ತಿಕೊಳ್ಳುವುದು, ಸಾವನ್ನು ಕಾಣುವುದು

ಕಲ್ಲನ್ನೋ ಬಿದ್ದ ದಿಮ್ಮಿಯನ್ನೋ ಎತ್ತಿ ಕೆಳಗೆ ನೋಡಿದ ಮೇಲೆ ಅದನ್ನು ಇದ್ದಂತೆಯೇ, ಅದೇ ಮಗ್ಗುಲಲ್ಲಿ, ಮೆಲ್ಲನೆ ಇಡಬೇಕು. ಅದರಡಿಯ ಒದ್ದೆ ಮತ್ತು ಕತ್ತಲೆಯನ್ನು ನಂಬಿ ಬದುಕುವ ಜೀವಿಗಳಿಗೆ ಅದು ಮನೆಯ ಚಾವಣಿ. ಎತ್ತುವಾಗ ಕೈಯನ್ನು ಆಚೆಯ ಅಂಚಿಗೆ ಹಾಕಿ ತನ್ನ ಕಡೆಗೆ ಎತ್ತಬೇಕು, ಒಳಗೆ ಏನಾದರೂ ಇದ್ದರೆ ಅದು ಆಚೆಗೆ ಹೋಗಲು ದಾರಿಯಾಗುತ್ತದೆ. ಡಬ್ಬಿಯಲ್ಲಿ ಹಿಡಿದ ಹುಳುವನ್ನು ಕೆಲವು ನಿಮಿಷ ನೋಡಿ, ಸಿಕ್ಕ ಜಾಗದಲ್ಲೇ ಬಿಡಬೇಕು. ಬಿದ್ದ ಎಲೆ, ಗರಿ, ಕಾಯಿಗಳನ್ನು ಸಂಗ್ರಹಿಸುವುದಕ್ಕೆ ಆ ಜಾಗದ ಕಾನೂನು ಅನುಮತಿಸುತ್ತದೆಯೇ ಎಂಬುದನ್ನು ಮೊದಲೇ ವಿಚಾರಿಸಿಟ್ಟುಕೊಳ್ಳಿ. ಹೊರಗಿನಿಂದ ಬಂದ ಮೇಲೆ ಕೈ ತೊಳೆಯುವುದು, ಮೊಣಕಾಲಿನ ಹಿಂದೆ, ಕಿವಿಯ ಹಿಂದೆ ಉಣ್ಣೆ ಕಚ್ಚಿಕೊಂಡಿದೆಯೇ ಎಂದು ನೋಡಿಕೊಳ್ಳುವುದು ದಿನದ ಪಾಠವಾಗಿರಲಿ.

ಒಂದು ವಾರದ ಶಿಬಿರದಲ್ಲಿ ಯಾರಾದರೊಬ್ಬ ಮಗು ಸತ್ತ ಹಕ್ಕಿಮರಿಯನ್ನೋ ಚಿಟ್ಟೆಯನ್ನೋ ಕಂಡೇ ಕಾಣುತ್ತದೆ. ಹಿರಿಯರು ಅದನ್ನು ಥಟ್ಟನೆ ಮರೆಮಾಡಿ ಮಕ್ಕಳನ್ನು ಬೇರೆ ಕಡೆ ಕರೆದೊಯ್ಯುವುದು ರೂಢಿ. ನನ್ನ ಅಭಿಪ್ರಾಯದಲ್ಲಿ ಅದು ತಪ್ಪು. ಮುಟ್ಟದೆ, ಸ್ವಲ್ಪ ದೂರದಲ್ಲಿ ನಿಂತು, ಮಕ್ಕಳು ನೋಡಬಯಸುವಷ್ಟು ಹೊತ್ತು ನೋಡಲಿ, ಅತ್ತರೆ ಅಳಲಿ. ‘ಅದಕ್ಕೆ ನೋವಾಯಿತಾ?’ ಎಂಬ ಪ್ರಶ್ನೆಗೆ ಸುಳ್ಳು ಸಮಾಧಾನ ಹೇಳಬೇಡಿ, ಗೊತ್ತಿರುವಷ್ಟನ್ನು ಸರಳವಾಗಿ ಹೇಳಿ. ಮರುದಿನ ಅಲ್ಲಿ ಇರುವೆಗಳ ಸಾಲು ಕಂಡಾಗ ಮತ್ತೆ ಪ್ರಶ್ನೆಗಳು ಬರುತ್ತವೆ, ಆಗಲೂ ಹಾಗೆಯೇ. ತನ್ನ ಮನೆಯಲ್ಲಿ ನಡೆದ ಸಾವಿನ ಬಗ್ಗೆ ಮಗುವೊಂದು ಮೊದಲ ಬಾರಿಗೆ ಬಾಯಿಬಿಟ್ಟದ್ದು ಇಂಥ ಹೊತ್ತಿನಲ್ಲಿ, ಒಂದು ಸತ್ತ ಗುಬ್ಬಚ್ಚಿಯ ಮುಂದೆ. ಅಂಥ ಮಾತು ಬಂದಾಗ ಉಳಿದ ಮಕ್ಕಳನ್ನು ಇನ್ನೊಬ್ಬರಿಗೆ ಒಪ್ಪಿಸಿ ಆ ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳಿ, ಪೋಷಕರಿಗೂ ಅದೇ ದಿನ ತಿಳಿಸಿ.

ಹೊರಡುವ ಮುನ್ನ

ಕೊನೆಯ ದಿನದ ಕೂರುವ ಹೊತ್ತು ಎಂದಿಗಿಂತ ಸ್ವಲ್ಪ ಉದ್ದವಾಗಿರಲಿ. ಏಳುವ ಮೊದಲು ಪ್ರತಿ ಮಗುವೂ ತಾನು ತಂದಿಟ್ಟ ಕಲ್ಲು, ಕಡ್ಡಿಗಳನ್ನು ಮೊದಲಿದ್ದಲ್ಲಿಗೆ ಸೇರಿಸಿ, ತನ್ನ ಜಾಗದ ಒಂದು ಚಿತ್ರವನ್ನು ಪುಸ್ತಕದಲ್ಲಿ ಬಿಡಿಸಿಕೊಳ್ಳಲಿ. ಎರಡನೆಯ ದಿನ ಬಿಡಿಸಿದ ಚಿತ್ರದ ಪಕ್ಕದಲ್ಲಿ ಅದನ್ನಿಟ್ಟು ನೋಡಿದರೆ ಮಗುವಿಗೂ ನಿಮಗೂ ಬೇರೆ ಪ್ರಮಾಣಪತ್ರ ಬೇಕಾಗುವುದಿಲ್ಲ. ಮೊದಲನೆಯದರಲ್ಲಿ ಒಂದು ಮರ, ಒಂದು ಸೂರ್ಯ ಇರುತ್ತವೆ. ಕೊನೆಯದರಲ್ಲಿ ತೊಗಟೆಯ ಬಿರುಕು, ಬಿರುಕಿನಲ್ಲಿ ಇರುವೆಯ ದಾರಿ, ಆ ದಾರಿ ತಿರುಗುವ ಗಂಟು ಕಾಣಿಸುತ್ತವೆ.

ಕರೆದೊಯ್ಯಲು ಬಂದ ಪೋಷಕರಿಗೆ ಹತ್ತು ನಿಮಿಷ ಬಿಡುವು ಮಾಡಿಕೊಂಡು, ಮಗು ತನ್ನ ಜಾಗವನ್ನು ಅವರಿಗೆ ತೋರಿಸಲು ಬಿಡಿ. ಮನೆಯಲ್ಲಿ ಕಾಡು ಬೇಕಿಲ್ಲ, ಕಿಟಕಿಯ ಹೊರಗಿನ ಒಂದು ಮರ, ಮಹಡಿಯ ಒಂದು ಕುಂಡ, ಬೀದಿಯ ತಿರುವಿನ ಹುಲ್ಲು ಸಾಕು ಎಂದು ಅವರಿಗೆ ಹೇಳಿ. ಹೊರಗಿನ ಬೆಳಕಿಗೆ ಇನ್ನೊಂದು ಪ್ರಯೋಜನವೂ ಇದೆ. ಚೀನಾದ ಗುವಾಂಗ್‌ಜೌ ನಗರದ ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳಿಗೆ ಪ್ರತಿ ಶಾಲಾದಿನ 40 ನಿಮಿಷ ಹೆಚ್ಚುವರಿಯಾಗಿ ಹೊರಗೆ ಕಳೆಯುವ ಅವಕಾಶ ಕೊಟ್ಟಾಗ, ಮೂರು ವರ್ಷಗಳಲ್ಲಿ ಸಮೀಪದೃಷ್ಟಿ ಹೊಸದಾಗಿ ಕಾಣಿಸಿಕೊಂಡವರ ಪ್ರಮಾಣ ಶೇ. 30.4ರಷ್ಟಿತ್ತು, ಅಂಥ ಅವಕಾಶವಿಲ್ಲದ ಶಾಲೆಗಳಲ್ಲಿ ಅದು ಶೇ. 39.5 ಆಗಿತ್ತು ಎಂದು 2015ರಲ್ಲಿ ವರದಿಯಾಯಿತು. ಕನ್ನಡಕದ ಮಾತು ಕೇಳಿದಾಗ ಪೋಷಕರು ಕಿವಿಗೊಡುತ್ತಾರೆ, ಅದನ್ನು ಹೇಳಲು ಹಿಂಜರಿಯಬೇಡಿ.

ಶಿಬಿರ ಮುಗಿದು ಒಂದು ತಿಂಗಳಾದ ಮೇಲೆ ಪ್ರತಿ ಮಗುವಿಗೂ ಅದರ ಹೆಸರಿನಲ್ಲೇ ಒಂದು ಪತ್ರ ಬರೆಯಿರಿ. ಶಿಬಿರದಲ್ಲಿ ಆ ಮಗು ಕೂರುತ್ತಿದ್ದ ಜಾಗಕ್ಕೆ ನೀವು ಖುದ್ದಾಗಿ ಹೋಗಿ, ಹತ್ತು ನಿಮಿಷ ಕುಳಿತು, ಅಲ್ಲಿ ಈಗ ಏನೇನಿದೆ ಎಂಬುದನ್ನು ನಾಲ್ಕು ಸಾಲಿನಲ್ಲಿ ತಿಳಿಸಿ, ಈಗ ಅದು ಎಲ್ಲಿ ಕೂರುತ್ತಿದೆ, ಅಲ್ಲಿ ಏನು ಕಂಡಿತು ಎಂದು ಕೇಳಿ.